ಮರವಾದ ಡಾಫ್ನೆ, ಕಲ್ಲಾದ ಅಹಲ್ಯೆ

ಗ್ರೀಕರ ಪುರಾಣದ ದುರಂತ ಕಥೆಯೊಂದನ್ನು ಜರ್ಮನ್ ಭಾಷೆಯಲ್ಲಿ ಹಾಡಿ ಅಭಿನಯಿಸುವ ನಾಟಕಕ್ಕೂ ನಮ್ಮ ನಾಗಮಂಗಲ, ಶ್ರೀರಂಗಪಟ್ಟಣ, ಮೇಲುಕೋಟೆಗಳಿಗೂ ಎಲ್ಲಿಯ ಸಂಬಂಧವೆಂದು ಶ್ರೋತೃಗಳಿಗೆ ತೋರಿದರೆ ಆಶ್ಚರ್ಯವಿಲ್ಲ. ಇಲ್ಲದ ಸಂಬಂಧವನ್ನು ಬಲವಂತದಿಂದ ಕಲ್ಪಿಸುವುದು ಈ ಉಪನ್ಯಾಸದ ಉದ್ದೇಶವಲ್ಲ. ಆದರೆ 1938ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ರಂಗವನ್ನೇರಿದ ಒಂದು ಕೃತಿಯನ್ನೂ, 1941ರಲ್ಲಿ ಕನ್ನಡದಲ್ಲಿ ಹೊರಬಂದ ಒಂದು ಕೃತಿಯನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಕುತೂಹಲ ಹುಟ್ಟದೆ ಇರದು. ಎರಡರಲ್ಲಿಯೂ ದೇವತೆಯೊಬ್ಬನು ಹೆಣ್ಣೊಬ್ಬಳನ್ನು ಬಯಸುತ್ತಾನೆ; ಎರಡರಲ್ಲಿಯೂ ಅವನು ತನ್ನ ನಿಜರೂಪವನ್ನು ಮರೆಸಿಕೊಂಡು ಬರುತ್ತಾನೆ; ಎರಡರಲ್ಲಿಯೂ ಆ ಹೆಣ್ಣು ಮನುಷ್ಯರೂಪವನ್ನು ಕಳೆದುಕೊಳ್ಳುತ್ತಾಳೆ. ಡಾಫ್ನೆ ಮರವಾದಳು, ಅಹಲ್ಯೆ ಕಲ್ಲಾದಳು. ಮೊದಲನೆಯದನ್ನು ಮಾಡಿದವನು ರಿಚರ್ಡ್ ಸ್ಟ್ರೌಸ್ ಎಂಬ ವಾಗ್ಗೇಯಜ್ಞ. ಎರಡನೆಯದನ್ನು ಮಾಡಿದವರು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರು. ಒಂದರ ಪ್ರಭಾವ ಮತ್ತೊಂದರ ಮೇಲೆ ಬಿದ್ದಿತೆಂದು ನಾನು ಹೇಳುತ್ತಿಲ್ಲ. ಎರಡೂ ಹಾಡುವುದಕ್ಕೆಂದೇ ಹುಟ್ಟಿದ ನಾಟಕಗಳು, ಅಷ್ಟೇ ಸಾಕು.

ಆಪೆರಾ ಎಂದರೇನು ಎಂಬುದನ್ನು ಮೊದಲು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ನಮ್ಮ ಕಂಪನಿ ನಾಟಕಗಳನ್ನು ಕಂಡವರಿಗೆ ರಂಗದ ಮೇಲೆ ಹಾಡುವುದೇನೂ ಹೊಸದಲ್ಲ. ಆದರೆ ಅಲ್ಲಿ ಮಾತು ನಡೆಯುತ್ತಿರುತ್ತದೆ, ನಡುವೆ ಹಾಡು ಬರುತ್ತದೆ. ಹಾಡು ಬಂದಾಗ ಕಥೆ ನಿಂತು ದಾರಿ ಬಿಡುತ್ತದೆ. ಜನ ಮೆಚ್ಚಿ ಮತ್ತೊಮ್ಮೆ ಹೇಳಿಸಿದರೆ ಸಾಯುತ್ತಿರುವ ನಾಯಕನೂ ಎದ್ದು ಕುಳಿತು ಪಲ್ಲವಿಯನ್ನು ಪುನಃ ಹಾಡುವುದುಂಟು. ಆಪೆರಾದಲ್ಲಿ, ಅದರಲ್ಲೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಅನಂತರ ಜರ್ಮನಿಯಲ್ಲಿ ಬೆಳೆದ ಆಪೆರಾದಲ್ಲಿ, ಹಾಗಲ್ಲ. ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಎಲ್ಲವೂ ಹಾಡೇ. ಪಾತ್ರಗಳು ಸುಮ್ಮನಿದ್ದಾಗಲೂ ವಾದ್ಯವೃಂದ ಸುಮ್ಮನಿರುವುದಿಲ್ಲ. ಪಾತ್ರವು ಬಾಯಲ್ಲಿ ಒಂದನ್ನು ಹೇಳುತ್ತಿರುವಾಗ ಅದರ ಮನಸ್ಸಿನಲ್ಲಿರುವ ಮತ್ತೊಂದನ್ನು ಪಿಟೀಲುಗಳೋ ಕೊಂಬುಗಳೋ ಹೇಳಿಬಿಡುತ್ತವೆ. ಒಬ್ಬ ವ್ಯಕ್ತಿಗೆ ಅಥವಾ ಒಂದು ಸಂಗತಿಗೆ ಒಂದೊಂದು ಸ್ವರಗುಚ್ಛವನ್ನು ಗೊತ್ತುಮಾಡಿಕೊಂಡಿರುವುದರಿಂದ, ರಂಗದಲ್ಲಿ ಕಾಣದವನನ್ನೂ ಸತ್ತವನನ್ನೂ ಸಂಗೀತವು ನಮ್ಮೆದುರಿಗೆ ತಂದು ನಿಲ್ಲಿಸಬಲ್ಲುದು.

ಈ ಕಲೆ ಹುಟ್ಟಿದ್ದೇ ಗ್ರೀಕ್ ರುದ್ರನಾಟಕದ ನೆನಪಿನಲ್ಲಿ. ಹದಿನಾರನೆಯ ಶತಮಾನದ ಕೊನೆಯಲ್ಲಿ ಇಟಲಿಯ ಫ್ಲಾರೆನ್ಸಿನ ಕೆಲವು ವಿದ್ವಾಂಸರು ಸೇರಿ, ಪ್ರಾಚೀನ ಗ್ರೀಕರು ತಮ್ಮ ನಾಟಕಗಳನ್ನು ಹಾಡುತ್ತಿದ್ದರೆಂದೂ, ಆ ಪದ್ಧತಿಯನ್ನು ಮತ್ತೆ ಜೀವಂತಗೊಳಿಸಬೇಕೆಂದೂ ಹೊರಟರು. ಅವರ ಪ್ರಯತ್ನದಿಂದ ಹುಟ್ಟಿದ ಮೊಟ್ಟಮೊದಲ ಆಪೆರಾ ಯಾಕೊಪೊ ಪೇರಿ ಎಂಬಾತನದು. ಅದು 1598ರ ಸುಮಾರಿಗೆ ಪ್ರಯೋಗವಾಯಿತು. ಅದರ ಕಥೆ ಡಾಫ್ನೆಯದು. ಜರ್ಮನ್ ಭಾಷೆಯ ಮೊದಲ ಆಪೆರಾ ಎಂದು ಹೆಸರಾದದ್ದು 1627ರಲ್ಲಿ ಹೈನ್ರಿಖ್ ಷ್ಯೂಟ್ಸ್ ರಚಿಸಿದ ಕೃತಿ. ಅದರ ಕಥೆಯೂ ಡಾಫ್ನೆಯದೇ. ಷ್ಯೂಟ್ಸನ ಸಂಗೀತ ಪೂರ್ತಿಯಾಗಿ ಕಳೆದುಹೋಗಿದೆ. ಪೇರಿಯದರಲ್ಲಿ ಚೂರುಪಾರು ಮಾತ್ರ ಉಳಿದಿದೆ. ಹೀಗೆ ಸ್ಟ್ರೌಸ್ ತನ್ನ 74ನೆಯ ವಯಸ್ಸಿನಲ್ಲಿ ಡಾಫ್ನೆಯನ್ನು ರಂಗಕ್ಕೆ ತಂದಾಗ ಆಪೆರಾ ಎಂಬ ನದಿ ತನ್ನ ಮೂಲದ ಬುಗ್ಗೆಗೆ ಹಿಂದಿರುಗಿದಂತಾಯಿತು.

ಸ್ಟ್ರೌಸನಿಗೆ ಗ್ರೀಕ್ ಕಥೆಗಳು ಹೊಸವಲ್ಲ. 1909ನೆಯ ಜನವರಿ 25ರಂದು ಅದೇ ಡ್ರೆಸ್ಡೆನ್ನಿನ ರಾಜರಂಗಮಂದಿರದಲ್ಲಿ ಅವನ 'ಎಲೆಕ್ಟ್ರಾ' ಪ್ರಯೋಗವಾಗಿತ್ತು. ಸಾಫಕ್ಲೀಸನ ನಾಟಕವನ್ನು ಹಾಫ್‌ಮನ್ಸ್‌ಥಾಲ್ ಎಂಬ ಆಸ್ಟ್ರಿಯದ ಕವಿ ತನ್ನ ರೀತಿಯಲ್ಲಿ ತಿರುಗಿಸಿ ಬರೆದ ಮಾತುಗಳಿಗೆ ಅವನು ಸಂಗೀತವನ್ನು ಹೊಂದಿಸಿದ್ದನು. ತಂದೆ ಅಗಮೆಮ್ನನನನ್ನು ತಾಯಿಯೇ ಪ್ರಿಯಕರನೊಡನೆ ಸೇರಿ ಕೊಂದಿದ್ದಾಳೆ. ಮಗಳು ಅರಮನೆಯ ಅಂಗಳದಲ್ಲಿ ನಾಯಿಯ ಬಾಳು ಬಾಳುತ್ತ ಸೇಡಿಗಾಗಿ ಕಾದಿದ್ದಾಳೆ. ತಮ್ಮನು ಬರುತ್ತಾನೆ, ತಾಯಿಯೂ ಅವಳ ಜೊತೆಗಾರನೂ ಸಾಯುತ್ತಾರೆ. ಸಾಫಕ್ಲೀಸನ ಎಲೆಕ್ಟ್ರಾ ಬದುಕಿ ಉಳಿಯುತ್ತಾಳೆ. ಜರ್ಮನ್ ಎಲೆಕ್ಟ್ರಾ ವಿಜಯೋನ್ಮಾದದಿಂದ ಕುಣಿದು ಕುಣಿದು ಸತ್ತು ಬೀಳುತ್ತಾಳೆ. ಇದಕ್ಕಿಂತಲೂ ದೊಡ್ಡ ವ್ಯತ್ಯಾಸ ಮತ್ತೊಂದಿದೆ. ಗ್ರೀಕ್ ನಾಟಕದಲ್ಲಿ ಪಾತ್ರಗಳ ಕಷ್ಟಕ್ಕೆ ಮರುಗುತ್ತ, ಬುದ್ಧಿ ಹೇಳುತ್ತ, ನಮ್ಮ ಪರವಾಗಿ ಹೆದರುತ್ತ ನಿಲ್ಲುವ ಮೇಳವೊಂದಿರುತ್ತದೆ. ಜರ್ಮನ್ ಕೃತಿಯಲ್ಲಿ ಆ ಮೇಳವನ್ನೇ ತೆಗೆದುಹಾಕಿದ್ದಾರೆ. ಬಾವಿಯ ಬಳಿಯ ಆಳುಹೆಣ್ಣುಗಳ ಗೊಣಗಾಟವೂ ಕೊನೆಯಲ್ಲಿ ಒಳಗಿನಿಂದ ಕೇಳುವ ಕೂಗೂ ಅದರ ಅವಶೇಷ. ಮೇಳದ ಕೆಲಸವನ್ನು ಸುಮಾರು 110 ಮಂದಿಯ ವಾದ್ಯವೃಂದ ವಹಿಸಿಕೊಂಡಿತು. ಪರದೆ ಏಳುತ್ತಲೇ, ಪೀಠಿಕೆಯೇನೂ ಇಲ್ಲದೆ, ಸತ್ತ ಅಗಮೆಮ್ನನನ ಸ್ವರಗುಚ್ಛ ಸಿಡಿಲಿನಂತೆ ಎರಗುತ್ತದೆ. ಕೊಲೆಯಾದ ರಾಜನೇ ಅಲ್ಲಿ ಮೇಳ.

ಮೇಳದ ಈ ಸಮಸ್ಯೆ ಡಾಫ್ನೆಯ ಕಥೆಯಲ್ಲಿಯೂ ಮತ್ತೆ ತಲೆಯೆತ್ತುತ್ತದೆ. ಅದಕ್ಕೆ ಮೊದಲು ಕಥೆಯನ್ನು ಹೇಳಬೇಕು.

ಹಾಫ್‌ಮನ್ಸ್‌ಥಾಲ್ 1929ರಲ್ಲಿ ತೀರಿಕೊಂಡನು. ಅನಂತರ ಸ್ಟ್ರೌಸನಿಗೆ ದೊರೆತ ಒಳ್ಳೆಯ ಸಾಹಿತಿ ಸ್ಟೆಫಾನ್ ತ್ಸ್ವೈಗ್. ಅವನು ಯೆಹೂದಿಯಾಗಿದ್ದದ್ದರಿಂದ ಹಿಟ್ಲರನ ಸರ್ಕಾರದಲ್ಲಿ ಆ ಸಹಯೋಗ 1935ರ ಒಂದೇ ಕೃತಿಗೆ ನಿಂತಿತು. ಸ್ಟ್ರೌಸ್ ಅವನಿಗೆ ಬರೆದ ಕಾಗದವೊಂದು ಪೊಲೀಸರ ಕೈಗೆ ಸಿಕ್ಕಿ, ಸ್ಟ್ರೌಸ್ ತಾನು ವಹಿಸಿಕೊಂಡಿದ್ದ ಸರ್ಕಾರದ ಸಂಗೀತಮಂಡಲಿಯ ಅಧ್ಯಕ್ಷಪದವಿಯನ್ನು ಬಿಡಬೇಕಾಯಿತು. ತ್ಸ್ವೈಗನೇ ಸೂಚಿಸಿದ ಯೋಸೆಫ್ ಗ್ರೆಗೊರ್ ಎಂಬ ಪಂಡಿತನು ಡಾಫ್ನೆಯ ಸಾಹಿತ್ಯವನ್ನು ಬರೆದನು. ಗ್ರೆಗೊರನಲ್ಲಿ ಪಾಂಡಿತ್ಯ ಹೇರಳವಾಗಿತ್ತು, ಕಾವು ಕಡಮೆ; ಸ್ಟ್ರೌಸ್ ಅವನ ಬರಹವನ್ನು ಮೇಲಿಂದ ಮೇಲೆ ತಿದ್ದಿಸಿದನು.

ಡಾಫ್ನೆಯ ಕಥೆ ನಮಗೆ ಹೆಚ್ಚಾಗಿ ಬಂದಿರುವುದು ರೋಮಿನ ಓವಿಡ್ ಕವಿಯ ರೂಪಾಂತರ ಕಥೆಗಳ ಮೂಲಕ. ಪೆನೆಯಸ್ ನದಿಯ ಮಗಳು ಡಾಫ್ನೆ. ಸೂರ್ಯದೇವನಾದ ಅಪಾಲೊ ಅವಳನ್ನು ಮೋಹಿಸಿ ಅಟ್ಟಿಕೊಂಡು ಬರುತ್ತಾನೆ. ಇನ್ನೇನು ಕೈಗೆ ಸಿಕ್ಕಳು ಎನ್ನುವಾಗ ಅವಳು ತಂದೆಯನ್ನು ಮೊರೆಯಿಟ್ಟು ಲಾರೆಲ್ ಮರವಾಗುತ್ತಾಳೆ. ಗ್ರೀಸಿನಲ್ಲಿ ಇನ್ನೊಂದು ಕಥೆಯೂ ಇತ್ತು: ಲ್ಯೂಕಿಪ್ಪಸ್ ಎಂಬ ತರುಣನು ಡಾಫ್ನೆಯ ಸಹವಾಸಕ್ಕಾಗಿ ಹೆಣ್ಣುವೇಷ ಹಾಕಿಕೊಂಡು ಅವಳ ಗೆಳತಿಯರ ನಡುವೆ ಸೇರಿ, ಸ್ನಾನದ ವೇಳೆಯಲ್ಲಿ ಗುಟ್ಟು ಬಯಲಾಗಿ ಕೊಲೆಯಾದನಂತೆ. ಗ್ರೆಗೊರನು ಎರಡನ್ನೂ ಹೆಣೆದನು. ಆಪೆರಾದ ಡಾಫ್ನೆಗೆ ಬೆಳಕು ಇಷ್ಟ, ಮರಗಳು ಇಷ್ಟ. ಮನುಷ್ಯರ ಮೋಹ ಬೇಡ. ದ್ರಾಕ್ಷಿಯ ಹೂ ಬಿಡುವ ಹಬ್ಬದ ದಿನ ಬಾಲ್ಯದ ಗೆಳೆಯ ಲ್ಯೂಕಿಪ್ಪಸ್ ಬಂದು ಪ್ರೇಮವನ್ನು ಬೇಡಿದರೆ ಅವಳು ಹಿಂಜರಿಯುತ್ತಾಳೆ. ಅತ್ತ ಅಪಾಲೊ ದನ ಕಾಯುವವನ ವೇಷದಲ್ಲಿ ಬರುತ್ತಾನೆ. ಅವನಲ್ಲಿ ಅವಳು ಅಣ್ಣನನ್ನು ಕಂಡಂತೆ ಹತ್ತಿರ ಹೋಗುತ್ತಾಳೆ. ಅವನು ಮುತ್ತಿಟ್ಟಾಗ ನಡುಗಿ ದೂರ ಸರಿಯುತ್ತಾಳೆ. ಹೆಣ್ಣುವೇಷದ ಲ್ಯೂಕಿಪ್ಪಸ್ ಅವಳನ್ನು ಹಬ್ಬದ ಕುಣಿತಕ್ಕೆ ಕರೆಯುತ್ತಾನೆ, ಅವಳು ಒಪ್ಪುತ್ತಾಳೆ. ದೇವರಿಗೆ ಮತ್ಸರ ಹುಟ್ಟುತ್ತದೆ, ಗುಡುಗು ಹುಟ್ಟುತ್ತದೆ. ಇವನು ಗಂಡಸೆಂದು ಅಪಾಲೊ ಸಾರುತ್ತಾನೆ. ಹುಡುಗ ಹೆದರದೆ ವೇಷವನ್ನು ಕಳಚಿ, ನೀನೂ ನಿನ್ನ ವೇಷ ಕಳಚು ಎನ್ನುತ್ತಾನೆ. ದೇವರು ಉತ್ತರವಾಗಿ ಬಾಣ ಬಿಡುತ್ತಾನೆ.

ಸುಳ್ಳುವೇಷ ತೊಟ್ಟ ಇಬ್ಬರಲ್ಲಿ ಮನುಷ್ಯನು ತನ್ನದನ್ನು ತೆಗೆದನು, ದೇವರು ಕೊಂದನು. ನನ್ನ ಮಟ್ಟಿಗೆ ಈ ನಾಟಕದ ರುದ್ರತೆಯೆಲ್ಲ ಇಲ್ಲಿದೆ, ಕೊನೆಯ ರೂಪಾಂತರದಲ್ಲಿ ಅಲ್ಲ. ಡಾಫ್ನೆ ಸತ್ತ ಗೆಳೆಯನ ಬಳಿ ಕುಳಿತು ಅಳುತ್ತಾಳೆ. ಅಪಾಲೊ ಪಶ್ಚಾತ್ತಾಪಪಟ್ಟು, ಅವಳು ಮರಗಳನ್ನು ಪ್ರೀತಿಸಿದವಳಾದ್ದರಿಂದ ಅವಳಿಗೆ ಮರದ ರೂಪವನ್ನೇ ಕೊಡಬೇಕೆಂದು ಸ್ಯೂಸ್ ದೇವನನ್ನು ಬೇಡುತ್ತಾನೆ. ಅವಳು ಓಡಹೊರಟವಳು ನಿಲ್ಲುತ್ತಾಳೆ; ಕಾಲು ಬೇರಾಗುತ್ತದೆ, ತೋಳು ಕೊಂಬೆಯಾಗುತ್ತದೆ.

ಗ್ರೆಗೊರನು ಇಲ್ಲಿ ದೊಡ್ಡ ಮೇಳವೊಂದನ್ನು ತರಬೇಕೆಂದು ಬಗೆದಿದ್ದನು. ಕುರುಬರೆಲ್ಲ ಮರದ ಸುತ್ತ ನೆರೆದು ಸ್ತುತಿಗೀತವನ್ನು ಹಾಡಬೇಕು, ನಾಟಕ ಮುಗಿಯಬೇಕು. ನಮ್ಮ ಮಂಗಳದ ಹಾಗೆಯೇ ಎನ್ನಿ. ಸ್ಟ್ರೌಸನ ಮಿತ್ರನೂ ವಾದ್ಯವೃಂದದ ನಾಯಕನೂ ಆದ ಕ್ಲೆಮೆನ್ಸ್ ಕ್ರೌಸ್ ಇದನ್ನು ಒಪ್ಪಲಿಲ್ಲ. ಹೆಣ್ಣು ಮರವಾಗುವ ಗಳಿಗೆಯಲ್ಲಿ ಊರ ಜನರು ಬಂದು ನಿಂತು ಹಾಡುವುದು ಅಸಂಬದ್ಧ, ರಂಗದ ಮೇಲೆ ಅವಳೊಬ್ಬಳೇ ಇರಲಿ ಎಂದನು. ಸ್ಟ್ರೌಸ್ ಆ ಸಲಹೆಯ ಬೆಲೆಯನ್ನು ತಿಳಿದು ಮೇಳವನ್ನು ಕಿತ್ತುಹಾಕಿದನು. ಈಗಿರುವ ಕೊನೆಯಲ್ಲಿ ಡಾಫ್ನೆ ಕೆಲವು ಮಾತುಗಳನ್ನು ಹಾಡುತ್ತಾಳೆ. ಆಮೇಲೆ ಮಾತು ನಿಲ್ಲುತ್ತದೆ. ಕತ್ತಲೆಯಲ್ಲಿ ವಾದ್ಯವೃಂದ ಎಲೆ ಎಲೆಯಾಗಿ ಚಿಗುರುತ್ತದೆ. ಬೆಳದಿಂಗಳು ಬೀಳುವಾಗ ಮರದೊಳಗಿನಿಂದ ಅವಳ ದನಿ ಮತ್ತೆ ಬರುತ್ತದೆ, ಆದರೆ ಅದರಲ್ಲಿ ಪದವಿಲ್ಲ, ಬರಿಯ ಸ್ವರ. ಓಬೋ ಎಂಬ ಸುಷಿರವಾದ್ಯ ನಾಟಕದ ಪ್ರಾರಂಭದಲ್ಲಿ ಕುರುಬರ ಸಂಜೆಯನ್ನು ಚಿತ್ರಿಸಿತ್ತು. ಈಗ ಆ ದನಿಯೂ ಈ ವಾದ್ಯವೂ ಒಂದನ್ನೊಂದು ಕರೆದುಕೊಳ್ಳುತ್ತ, ಹೆಣ್ಣಿನ ಕಂಠ ಯಾವುದು ಮರದ ಕೊಳವೆ ಯಾವುದು ಎಂಬ ಭೇದ ಅಳಿಸಿಹೋಗುತ್ತದೆ. ಮಾತು ಮಾಡಲಾರದ ಕೆಲಸವೊಂದನ್ನು ಸಂಗೀತವು ಮಾಡಿ ತೋರಿಸಿದ ಸ್ಥಳಗಳಲ್ಲಿ ಇದೂ ಒಂದು. ಮರವಾದಳು ಎಂದು ಕವಿ ಹೇಳಬಹುದು. ಮರವಾಗುವುದನ್ನು ಕೇಳಿಸಬಲ್ಲವನು ವಾಗ್ಗೇಯಜ್ಞನು ಮಾತ್ರ. (ಕಿತ್ತುಹಾಕಿದ ಮೇಳದ ಪದ್ಯವನ್ನು ಸ್ಟ್ರೌಸ್ ವ್ಯರ್ಥಮಾಡಲಿಲ್ಲ, 1943ರಲ್ಲಿ ಅದನ್ನು ವಾದ್ಯಗಳಿಲ್ಲದ ಮೇಳಗೀತವಾಗಿ ಬೇರೆಯೇ ರಚಿಸಿದನು.)

ಇಷ್ಟು ಸೊಗಸಾದ ಕೊನೆಯ ಬಗೆಗೆ ಒಂದು ಆಕ್ಷೇಪವನ್ನೂ ಹೇಳದೆ ಬಿಡಲಾರೆ. ಸಂಗೀತದ ಸೊಬಗಿನಲ್ಲಿ ಲ್ಯೂಕಿಪ್ಪಸನು ಮರೆತುಹೋಗುತ್ತಾನೆ. ಕೊಂದ ದೇವರಿಗೆ ಕ್ಷಮೆ ಸಿಕ್ಕಿತು, ನೊಂದ ಹೆಣ್ಣಿಗೆ ಎಲೆ ಬಂದಿತು, ಸತ್ತ ಹುಡುಗನ ಲೆಕ್ಕವನ್ನು ಯಾರೂ ಕೇಳಲಿಲ್ಲ. ಮರವಾಗುವುದು ಡಾಫ್ನೆಗೆ ವರವೆಂದು ಅಪಾಲೊ ಹೇಳುತ್ತಾನೆ, ಸಂಗೀತವೂ ಹೌದೆನ್ನುತ್ತದೆ. ನನಗೆ ಪೂರ್ತಿ ನಂಬಿಕೆಯಾಗುವುದಿಲ್ಲ. ಈ ಕೃತಿಯ ಮೊದಲ ಪ್ರಯೋಗ, ಕಾರ್ಲ್ ಬೋಮನ ನಾಯಕತ್ವದಲ್ಲಿ, ನಡೆದದ್ದು 1938ನೆಯ ಅಕ್ಟೋಬರ್ 15ರಂದು. ಅದಾಗಿ ಇಪ್ಪತ್ತೈದನೆಯ ದಿನ, ನವೆಂಬರ್ 9ರ ರಾತ್ರಿ, ಜರ್ಮನಿಯ ಎಲ್ಲೆಡೆ ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ ಬೆಂಕಿ ಬಿದ್ದಿತು. ಡ್ರೆಸ್ಡೆನ್ನಿನ ಮಂದಿರವೂ ಸುಟ್ಟುಹೋಯಿತು. ಆ ಮಂದಿರವನ್ನು ಯೋಜಿಸಿದ್ದ ಶಿಲ್ಪಿ ಗಾಟ್‌ಫ್ರೀಡ್ ಸೆಂಪರ್. ಡಾಫ್ನೆ ಹಾಡಿದ ರಂಗಮಂದಿರವನ್ನು ಯೋಜಿಸಿದ್ದವನೂ ಅವನೇ. ರಂಗಮಂದಿರ 1945ನೆಯ ಫೆಬ್ರವರಿ 13ರ ವಿಮಾನದಾಳಿಯಲ್ಲಿ ಹಾಳಾಗಿ, ನಲವತ್ತು ವರ್ಷಗಳ ಮೇಲೆ ಅದೇ ದಿನ ಪುನಃ ತೆರೆಯಿತು. ಮನುಷ್ಯರ ನಡುವೆ ಬಾಳಲಾರೆನೆಂದು ಹೆಣ್ಣು ಮರದೊಳಗೆ ಸೇರಿಕೊಳ್ಳುವ ಕಥೆಯನ್ನು ಮುದುಕನಾದ ಕಲಾವಿದನೊಬ್ಬನು ಅಂಥ ವರ್ಷದಲ್ಲಿ ಹಾಡಿಸಿದನೆಂದರೆ, ಅದು ಪಲಾಯನವೋ ಶೋಕವೋ ಎಂದು ತೀರ್ಮಾನಿಸುವುದು ಸುಲಭವಲ್ಲ. ಎರಡೂ ಇರಬಹುದು.

ಸ್ಟ್ರೌಸನ ಬಾಳಿನ ಕೊನೆಗೆ ನಮ್ಮ ಮೈಸೂರಿನ ಹೆಸರೂ ಸೇರಿಕೊಂಡಿದೆ ಎಂಬುದನ್ನು ಇಲ್ಲಿಯೇ ಹೇಳುವುದು ಉಚಿತ. ಅವನು 1949ನೆಯ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ವಾದ್ಯವೃಂದದೊಡನೆ ಹಾಡುವ ನಾಲ್ಕು ಗೀತಗಳು ಪ್ರಯೋಗವಾಗದೆ ಉಳಿದಿದ್ದವು. 1950ನೆಯ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಎಂಬ ಪ್ರಸಿದ್ಧ ಗಾಯಕಿ ಅವುಗಳನ್ನು ಮೊದಲ ಬಾರಿಗೆ ಹಾಡಿದಾಗ, ಆ ಕಛೇರಿಯ ಖರ್ಚಿಗೆ ಹೊಣೆನಿಂತವರು ಶ್ರೀ ಜಯಚಾಮರಾಜ ಒಡೆಯರು. ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಾದ ಅವರು ಪಾಶ್ಚಾತ್ಯ ಸಂಗೀತದಲ್ಲಿಯೂ ಆಳವಾದ ಪರಿಶ್ರಮವುಳ್ಳವರಾಗಿದ್ದರು. ಡಾಫ್ನೆಯ ದನಿಗಾಗಿ ಸ್ಟ್ರೌಸ್ ಕಂಡುಕೊಂಡ ಆ ನೀಳವಾದ, ನಿಧಾನವಾಗಿ ಸಂಜೆಗೆ ಕರಗುವ ಧಾಟಿಯೇ ಈ ಗೀತಗಳಲ್ಲಿಯೂ ಇದೆ.

ಇನ್ನು ನಮ್ಮ ಕಡೆಗೆ ಬರೋಣ. ಗ್ರೀಕ್ ರುದ್ರನಾಟಕವನ್ನು ಕನ್ನಡದ ಮನೆಯೊಳಕ್ಕೆ ಕೈಹಿಡಿದು ಕರೆತಂದವರು ಬಿ. ಎಂ. ಶ್ರೀಕಂಠಯ್ಯನವರು. ಅವರ ಹೆಸರಿನ ಮೊದಲಕ್ಷರ ಸೂಚಿಸುವುದು ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು. ಅವರು 1884ರಲ್ಲಿ ಹುಟ್ಟಿದ್ದು ತುಮಕೂರು ಸೀಮೆಯ ಸಂಪಿಗೆಯಲ್ಲಿ; ಬಾಲ್ಯದ ಓದು ಶ್ರೀರಂಗಪಟ್ಟಣದಲ್ಲಿ. ನಾಟಕದಲ್ಲಿ ನಾಯಕನ ಮರಣವನ್ನು ತೋರಿಸಬಾರದು, ಕೊನೆ ಶುಭವಾಗಿರಬೇಕು ಎಂಬ ಸಂಸ್ಕೃತ ಲಾಕ್ಷಣಿಕರ ಕಟ್ಟಿನಲ್ಲಿ ಬೆಳೆದ ನಮ್ಮ ರಸಿಕತೆಗೆ, ದುಃಖದಲ್ಲಿ ಮುಗಿಯುವ ನಾಟಕದಲ್ಲಿಯೂ ಉದಾತ್ತತೆಯುಂಟೆಂದು ತೋರಿಸಿಕೊಟ್ಟವರು ಅವರು. ಮೊದಲು ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕ'ವನ್ನು ಕಡೆದು ದುರ್ಯೋಧನನನ್ನು ರುದ್ರನಾಯಕನಾಗಿ ನಿಲ್ಲಿಸಿದರು. ಅನಂತರ 1929ರಲ್ಲಿ 'ಅಶ್ವತ್ಥಾಮನ್', 1935ರಲ್ಲಿ ಈಸ್ಕಿಲಸನಿಂದ 'ಪಾರಸಿಕರು' ಬಂದವು.

'ಅಶ್ವತ್ಥಾಮನ್' ಸಾಫಕ್ಲೀಸನ 'ಏಜಾಕ್ಸ್' ನಾಟಕದ ಕನ್ನಡ ಅವತಾರ. ಇದು ಭಾಷಾಂತರವಲ್ಲ, ದೇಹಾಂತರ. ಅವಮಾನದಿಂದ ಬುದ್ಧಿಗೆಟ್ಟು ತನ್ನ ಕಡೆಯ ನಾಯಕರೆಂದು ಬಗೆದು ದನಕುರಿಗಳನ್ನು ಕೊಂದು, ತಿಳಿವು ಬಂದ ಮೇಲೆ ನಾಚಿ ತನ್ನ ಕತ್ತಿಗೆ ತಾನೇ ಬಿದ್ದ ಗ್ರೀಕ್ ವೀರನ ಸ್ಥಾನದಲ್ಲಿ ದ್ರೋಣಪುತ್ರನು ನಿಂತಿದ್ದಾನೆ. ಅವನ ಹೆಂಡತಿಯಾಗಿ ಭಾರ್ಗವಿ, ಅವನ ಪಕ್ಷದಲ್ಲಿ ಏಕಲವ್ಯ. ಚಿರಂಜೀವಿಯೆಂದು ಪ್ರಾತಃಸ್ಮರಣೆಯಲ್ಲಿ ಹೆಸರು ಪಡೆದವನನ್ನು ಸಾಯಿಸಿದ್ದು ಸರಿಯೇ ಎಂದು ಅನೇಕರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಒಂದನ್ನು ಗಮನಿಸಬೇಕು. ಅಶ್ವತ್ಥಾಮನದೂ ಎಲೆಕ್ಟ್ರಾಳ ಕಥೆಯಂತೆಯೇ ತಂದೆಯ ಕೊಲೆಯ ಸೇಡಿನ ಕಥೆ. ಮೋಸದಿಂದ ತಂದೆಯನ್ನು ಕೊಂದರು. ಮಗ ರಾತ್ರಿಯಲ್ಲಿ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದನು. ಜರ್ಮನ್ ಕವಿ ಸೇಡನ್ನು ತೀರಿಸಿದವಳಿಗೆ ಕುಣಿತದ ಸಾವನ್ನು ಕೊಟ್ಟನು. ಶ್ರೀಯವರು ಸೇಡನ್ನು ತೀರಿಸಿದವನಿಗೆ ನಾಚಿಕೆಯ ಸಾವನ್ನು ಕೊಟ್ಟರು. ಇವೆರಡರಲ್ಲಿ ನಮ್ಮ ಮಹಾಭಾರತದ ಮನಸ್ಸಿಗೆ ಹತ್ತಿರವಾದದ್ದು ಎರಡನೆಯದೆಂದು ನನ್ನ ಅಭಿಪ್ರಾಯ.

ಆದರೆ 'ಅಶ್ವತ್ಥಾಮನ್' ಹಳಗನ್ನಡದ ಗಾಂಭೀರ್ಯದ ನುಡಿನಾಟಕ, ಹಾಡುವ ನಾಟಕವಲ್ಲ. ಗ್ರೀಕರ ರುದ್ರತೆ ಕನ್ನಡದ ಮಾತಿಗೆ ಬಂದಿತು. ಕನ್ನಡದ ಹಾಡಿಗೆ ಬಂದಿತೆ? ವಿದ್ಯಾವಂತರಲ್ಲಿ ಅನೇಕರು, ನಮ್ಮ ಸಂಗೀತಕ್ಕೆ ಅದು ಒಗ್ಗದು ಎನ್ನುತ್ತಾರೆ. ನಮ್ಮ ಸಂಗೀತ ಭಕ್ತಿಯದು. ಒಂದು ರಾಗವನ್ನು ಹಿಡಿದು ವಿಸ್ತರಿಸುವುದು ಅದರ ಸ್ವಭಾವ. ಗಳಿಗೆಗೊಂದು ಭಾವ ಬದಲಾಗುವ ನಾಟಕವನ್ನು ಅದು ಹೊರಲಾರದು. ಹಲವು ಸ್ವರಗಳು ಒಟ್ಟಿಗೆ ಡಿಕ್ಕಿಹೊಡೆಯುವ ಪಾಶ್ಚಾತ್ಯ ಪದ್ಧತಿಯಿಲ್ಲದೆ ಕೊಲೆಯ ಭೀತಿಯನ್ನು ಕೇಳಿಸುವುದು ಹೇಗೆ? ಹೀಗೆ ಅವರ ವಾದ.

ಈ ವಾದ ಕಛೇರಿಯನ್ನು ಮಾತ್ರ ಬಲ್ಲವರದು. ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆಯ ಮೂಡಲಪಾಯದ ಬಯಲಾಟವನ್ನು ಒಂದು ರಾತ್ರಿ ಕುಳಿತು ನೋಡಿದವರು ಹೀಗೆನ್ನಲಾರರು. ಅಲ್ಲಿ ಭಾಗವತನು ಪದ ಎತ್ತುತ್ತಾನೆ, ಹಿಮ್ಮೇಳ ಹಿಡಿಯುತ್ತದೆ, ಮದ್ದಳೆ ಒತ್ತುತ್ತದೆ, ಮುಖವೀಣೆ ಕಿವಿ ಸೀಳುವಂತೆ ಕೊರೆಯುತ್ತದೆ. ಕರಿಭಂಟನ ಕಾಳಗದಂಥ ಕಥೆಯಲ್ಲಿ ಸಾವು ಹತ್ತಿರ ಬರುವಾಗ ಆ ಮುಖವೀಣೆಯ ಒಂದೇ ಎಳೆ ಹುಟ್ಟಿಸುವ ಕಳವಳವನ್ನು ಯಾವ ವಾದ್ಯವೃಂದವೂ ಕಡಮೆಯೆನ್ನಲಾರದು. ಗ್ರೀಕರ ಮೇಳಕ್ಕೂ ನಮ್ಮ ಹಿಮ್ಮೇಳಕ್ಕೂ ಇರುವ ಹೋಲಿಕೆಯೂ ಗಮನಾರ್ಹ. ಸ್ಟ್ರೌಸ್ ಮೇಳವನ್ನು ತೆಗೆದು ಅದರ ಕೆಲಸವನ್ನು ವಾದ್ಯಗಳಿಗೆ ಒಪ್ಪಿಸಬೇಕಾಯಿತು. ನಮ್ಮ ರೈತನ ಆಟದಲ್ಲಿ ಮೇಳವೂ ವಾದ್ಯವೂ ಮೊದಲಿನಿಂದ ಒಂದೇ ಚಾಪೆಯ ಮೇಲೆ ಕುಳಿತಿವೆ.

ಹಾಡುವ ನಾಟಕವನ್ನು ಸಾಹಿತ್ಯದ ಎತ್ತರಕ್ಕೆ ಏರಿಸುವ ಕೆಲಸವನ್ನು ಹಿಡಿದವರು ಪು. ತಿ. ನ. ಪುರೋಹಿತರ ಮನೆತನದಲ್ಲಿ ಹುಟ್ಟಿ, ಚೆಲುವನಾರಾಯಣನ ಗುಡಿಯ ಪಾರಾಯಣ, ವಾದ್ಯ, ಉತ್ಸವಗಳ ನಡುವೆ ಬೆಳೆದ ಈ ಕವಿಗೆ ಮಾತು ಹಾಡಾಗುವುದು ಸಹಜವಾದ ನಡೆ. ಗೀತನಾಟಕವೆಂಬ ಹೆಸರಿಗೆ ಕನ್ನಡದಲ್ಲಿ ಅರ್ಥವನ್ನು ತುಂಬಿದವರು ಅವರು. ಪದ್ಯವನ್ನು ಬರೆದು ಯಾರಾದರೂ ರಾಗ ಹಾಕಲಿ ಎಂದು ಬಿಡದೆ, ಯಾವ ಭಾವಕ್ಕೆ ಯಾವ ರಾಗವೆಂದು ತಾವೇ ಚಿಂತಿಸಿದರು. 'ಅಹಲ್ಯೆ' 1941ರಲ್ಲಿ, 'ಗೋಕುಲ ನಿರ್ಗಮನ' 1945ರಲ್ಲಿ ಬಂದವು. 'ಹಂಸ ದಮಯಂತಿ ಮತ್ತು ಇತರ ರೂಪಕಗಳು' ಎಂಬ ಸಂಗ್ರಹಕ್ಕೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ಅವರು 1998ರವರೆಗೆ ಬಾಳಿದರು.

ಅಹಲ್ಯೆಯ ಕಥೆಯನ್ನು ನಾನು ಶ್ರೋತೃಗಳಿಗೆ ಹೇಳಬೇಕಾದದ್ದಿಲ್ಲ. ಆದರೆ ನಾವೆಲ್ಲ ಬಲ್ಲ ಕಥೆಗೂ ಆದಿಕವಿಯ ಕಥೆಗೂ ಇರುವ ಅಂತರವನ್ನು ನೆನಪಿಸುವುದು ಅವಶ್ಯ. ವಾಲ್ಮೀಕಿಯ ಬಾಲಕಾಂಡದಲ್ಲಿ ಅಹಲ್ಯೆ, ಗೌತಮನ ವೇಷದಲ್ಲಿ ಬಂದವನು ಇಂದ್ರನೆಂದು ಗುರುತಿಸುತ್ತಾಳೆ. ದೇವರಾಜನೆಂಬ ಕುತೂಹಲದಿಂದ ಒಪ್ಪುತ್ತಾಳೆ. ಶಾಪದಲ್ಲಿ ಕಲ್ಲಿನ ಮಾತಿಲ್ಲ. ಗಾಳಿಯನ್ನೇ ಆಹಾರ ಮಾಡಿಕೊಂಡು, ಬೂದಿಯ ಮೇ​ಲೆ ಮಲಗಿ, ಯಾರ ಕಣ್ಣಿಗೂ ಬೀಳದೆ, ಈ ಆಶ್ರಮದಲ್ಲಿಯೇ ಬೇಯುತ್ತಿರು ಎಂಬುದು ಶಾಪ. ರಾಮನು ಬಂದಾಗ ಅವನ ಪಾದ ಅವಳಿಗೆ ತಾಕಿತೆಂದು ಅಲ್ಲಿ ಇಲ್ಲ. ರಾಮಲಕ್ಷ್ಮಣರೇ ಅವಳ ಪಾದವನ್ನು ಹಿಡಿದು ನಮಸ್ಕರಿಸಿದರೆಂದಿದೆ. ಕಲ್ಲು ಆಮೇಲೆ ಬಂದದ್ದು. ಪಾದದ ಧೂಳಿ ಆಮೇಲೆ ಬಂದದ್ದು. ಅವಳಿಗೆ ಏನೂ ತಿಳಿದಿರಲಿಲ್ಲವೆಂಬ ಸಮಾಧಾನವೂ ಆಮೇಲಿನ ಕಥೆಗಾರರು ಕರುಣೆಯಿಂದ ತಂದದ್ದು. ಹಾಗೆಂದು ಕಲ್ಲು ಸಣ್ಣ ಕಲ್ಪನೆಯಲ್ಲ. ಕೃಷ್ಣರಾಜಪೇಟೆಯ ಹತ್ತಿರದ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣನ ಗುಡಿಯ ಸುತ್ತ ಹೊಯ್ಸಳರ ರೂವಾರಿಗಳು ಕಲ್ಲಿನಿಂದ ಹೆಣ್ಣನ್ನು ಬಿಡಿಸಿ ತೆಗೆದಿದ್ದಾರೆ. ಬಳಪದ ಕಲ್ಲಿನಲ್ಲಿ ಬೆರಳಿನ ಬಳುಕನ್ನು ಕಂಡ ನಾಡಿಗೆ, ಹೆಣ್ಣು ಕಲ್ಲಿನೊಳಗೆ ಅಡಗಿ ಕುಳಿತಿದ್ದಾಳೆಂಬುದನ್ನು ನಂಬುವುದು ಕಷ್ಟವಾಗಲಾರದು.

ತಿಳಿದು ಮಾಡಿದಳೆ, ತಿಳಿಯದೆ ಮಾಡಿದಳೆ ಎಂಬ ಈ ಎರಡು ಎಳೆಗಳ ನಡುವೆ ನಿಲ್ಲುವುದೇ ಅಹಲ್ಯೆಯನ್ನು ರುದ್ರನಾಯಿಕೆಯನ್ನಾಗಿ ಮಾಡಬಲ್ಲುದು. ಡಾಫ್ನೆಯಲ್ಲಿ ದೋಷವಿಲ್ಲ, ಅವಳು ಬೇಡವೆಂದಳು. ಅಹಲ್ಯೆಯ ಮನಸ್ಸಿನ ಯಾವುದೋ ಮೂಲೆ ಬೇಕೆಂದಿತು. ತಪಸ್ಸಿನಲ್ಲಿ ಮುಳುಗಿದ ಗಂಡ, ಬಯಕೆಯ ಮೂರ್ತಿಯಾದ ದೇವತೆ, ಇಬ್ಬರ ನಡುವೆ ಒಬ್ಬ ಜೀವಂತಳಾದ ಹೆಣ್ಣು. ಈ ಇಕ್ಕಟ್ಟಿನಲ್ಲಿ ಮಾತಿಗೆ ಸಿಕ್ಕದ ಮನಸ್ಸನ್ನು ಹೇಳುವುದಕ್ಕೆ ಹಾಡೇ ಬೇಕು. ಮಾತಿನಲ್ಲಿ ಹೇಳಿದರೆ ಅವಳು ಅಪರಾಧಿಯಾಗುತ್ತಾಳೆ ಅಥವಾ ಮುಗ್ಧೆಯಾಗುತ್ತಾಳೆ; ರಾಗದಲ್ಲಿ ಎರಡೂ ಆಗಿ ಉಳಿಯುವುದು ಸಾಧ್ಯ. ಆಪೆರಾದವರು ಬಾಯಿಯ ಮಾತಿಗೊಂದು ದಾರಿ, ವಾದ್ಯಕ್ಕೊಂದು ದಾರಿ ಮಾಡಿಕೊಂಡು ಸಾಧಿಸಿದ್ದನ್ನು, ನಮ್ಮಲ್ಲಿ ಒಂದು ಸ್ವರದ ಅಲುಗು, ಒಂದು ಗಮಕದ ಎಳೆತ ಸಾಧಿಸಬಹುದು. ಮುಖಾರಿಯಲ್ಲಿ ಒಂದು ಸಾಲನ್ನು ನಿಧಾನವಾಗಿ ಹಾಡಿಕೊಂಡು ನೋಡಿದವರಿಗೆ ಇದಕ್ಕೆ ಸಾಕ್ಷಿ ಬೇಕಾಗದು.

ಹಾಗಾದರೆ ಕೊನೆಯ ವಿಷಯ. ರಾಮನು ಬಂದು ಬಿಡುಗಡೆಯಾಗುವ ಕಥೆ ರುದ್ರವೆನಿಸೀತೆ? ಇದೂ ಮಂಗಳದ ಆಸೆಯೇ ಅಲ್ಲವೆ? ಪು. ತಿ. ನ. ಅವರಿಗೆ ಮಂಗಳ ಅನಿವಾರ್ಯವಾಗಿತ್ತೆಂದು ಹೇಳುವಂತಿಲ್ಲ. 'ಗೋಕುಲ ನಿರ್ಗಮನ'ವನ್ನು ನೋಡಿ. ಅಕ್ರೂರನು ಬರುತ್ತಾನೆ, ಕೃಷ್ಣನು ಮಥುರೆಗೆ ಹೊರಡುತ್ತಾನೆ. ಉಳಿದವರಿಗೆ ಉಳಿಯುವುದು ಅಗಲಿಕೆ. ಬಿ. ವಿ. ಕಾರಂತರು ಅದನ್ನು ರಂಗಕ್ಕೆ ತಂದಾಗ, ಯಾರೂ ಸಾಯದ ನಾಟಕವೂ ಎದೆಯನ್ನು ಹೀಗೆ ಹಿಂಡಬಲ್ಲುದೆ ಎಂದು ನೋಡಿದವರು ಬೆರಗಾದರು. ಅಹಲ್ಯೆಯ ಬಿಡುಗಡೆ ಬೇರೆ ಬಗೆಯದು. ಡಾಫ್ನೆಗೆ ಎಲೆ ಮೂಡಿದ್ದು ಕ್ಷಣದಲ್ಲಿ. ಅವಳ ಕಷ್ಟ ಅಲ್ಲಿಗೆ ಮುಗಿಯಿತು. ಅಹಲ್ಯೆಯ ಕಷ್ಟ ಪ್ರಾರಂಭವಾಗುವುದೇ ಕಲ್ಲಾದ ಮೇಲೆ. ಆ ವರ್ಷಗಳು ನಾಟಕದಲ್ಲಿ ಕಾಣುವುದಿಲ್ಲ. ಆದರೆ ಕೊನೆಯಲ್ಲಿ ಏಳುವವಳು ಅವನ್ನೆಲ್ಲ ಹೊತ್ತುಕೊಂಡು ಏಳುತ್ತಾಳೆ. ಗಂಡನು ಬರುತ್ತಾನೆ, ಕ್ಷಮಿಸುತ್ತಾನೆ. ಅವಳು ಕ್ಷಮಿಸಿದಳೆ ಎಂದು ಕೇಳಿದವರು ಕಡಮೆ.

ಎರಡು ಕೃತಿಗಳೂ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತವೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಡಾಫ್ನೆ ಮಾತನ್ನು ಬಿಟ್ಟು ಸ್ವರಕ್ಕೆ ಹೋಗುತ್ತಾಳೆ. ಸ್ಟ್ರೌಸನು ಒಂದೊಂದಾಗಿ ಅವಳಿಂದ ಪದಗಳನ್ನು ಬಿಡಿಸಿಕೊಂಡರೆ ಸಾಕು. ಅಹಲ್ಯೆ ಮೌನದಿಂದ ಮಾತಿಗೆ ಬರಬೇಕು. ಅವಳು ರಾಮಲಕ್ಷ್ಮಣರಿಗೆ ಪಾದ್ಯ, ಅರ್ಘ್ಯ, ಆತಿಥ್ಯಗಳನ್ನು ಕೊಟ್ಟಳೆಂದು ವಾಲ್ಮೀಕಿ ಹೇಳಿದ್ದಾನೆ; ಅವಳು ಏನು ನುಡಿದಳೆಂದು ಹೇಳಿಲ್ಲ. ಕಾವ್ಯದಲ್ಲಿ ಅದು ನಡೆಯುತ್ತದೆ. ಹಾಡುವ ನಾಟಕದಲ್ಲಿ ಅವಳನ್ನು ಸುಮ್ಮನೆ ನಿಲ್ಲಿಸುವಂತಿಲ್ಲ. ಶ್ರುತಿ ಮಿಡಿಯುತ್ತಿರುತ್ತದೆ, ಮೃದಂಗ ಕೈತಡೆದು ಕಾದಿರುತ್ತದೆ, ಜನ ಕಾದಿರುತ್ತಾರೆ. ಎಷ್ಟೋ ಕಾಲ ಬಳಸದ ಕಂಠದಿಂದ ಅವಳು ಮೊದಲನೆಯ ಸ್ವರವನ್ನು ಹಿಡಿಯಬೇಕು. ಅದು ಶುದ್ಧವಾಗಿ ನಿಂತರೆ ಸುಳ್ಳಾಗುತ್ತದೆ, ಒಡೆದರೆ ಹಾಡಾಗುವುದಿಲ್ಲ. ಆ ಪಾತ್ರವನ್ನು ವಹಿಸುವ ಗಾಯಕಿ ಷಡ್ಜಕ್ಕೆ ಸ್ವಲ್ಪ ಕೆಳಗಿನಿಂದ ಹೊರಟು, ತಡವರಿಸುತ್ತ, ಅದನ್ನು ಮುಟ್ಟುವ ಹೊತ್ತಿಗೆ ರಾಮನು ಆಗಲೇ ಮಿಥಿಲೆಯ ದಾರಿ ಹಿಡಿದಿರುತ್ತಾನೆ.